ವೀರಗಲ್ಲಿಗೆ ಪಾಲಿಶ್

ನಮ್ಮ ಕೊಟ್ಟಿಗೆಯ ಹಿಂದೆ, ತಿಪ್ಪೆಗೂ ಹುಣಸೆಮರಕ್ಕೂ ನಡುವೆ ಒಂದು ವೀರಗಲ್ಲಿತ್ತು. ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು, ಸ್ವಲ್ಪ ಎಡಕ್ಕೆ ವಾಲಿತ್ತು. ಅದರಲ್ಲಿ ಒಬ್ಬ ಗಂಡಸು ಬಿಲ್ಲು ಹಿಡಿದು ನಿಂತಿದ್ದ. ಅವನ ಹಿಂದೆ ಒಂದರ ಪಕ್ಕ ಒಂದು ಹಸುಗಳ ಮುಖ. ಅವನ ಮೈಗೆ ಅಲ್ಲಲ್ಲಿ ಬಾಣ ನಾಟಿತ್ತು. ಯಾವುದೋ ಕಾಲದಲ್ಲಿ ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಅಂತ ಕಲ್ಲು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಮೇಲ್ಗಡೆ ಒಂದಷ್ಟು ಸಾಲು ಅಕ್ಷರವಿತ್ತು. ಅದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸೂರಿನ ಕಡೆ, ತಮಿಳುನಾಡಿಗೆ ಸೇರಿದ ನಮ್ಮೂರಲ್ಲಿ ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ಇದ್ದೇವೆ. ತಮಿಳಿನವರು ಅದನ್ನು ಕನ್ನಡ ಅನ್ನುತ್ತಿದ್ದರು. ನಾವು ತೆಲುಗಿರಬೇಕು ಅನ್ನುತ್ತಿದ್ದೆವು. ತೆಲುಗಿನವರು ಹಳೇ ತಮಿಳು ಅಂತ ಹೇಳಿ ಮುಂದೆ ಹೋಗುತ್ತಿದ್ದರು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ತೋರಿಸಿದ್ದು ನೀರೊಲೆ, ಆಮೇಲೆ ರಾಗಿ ಇಡುವ ಜಾಗ, ಆಮೇಲೆ ಈ ಕಲ್ಲು. “ಇವ್ನು ನಮ್ಮನೆಯೋನು ಕಣಮ್ಮಿ. ಹಸ ಈದ್ರೆ ಮೊದ್ಲು ಇವ್ನಿಗೆ ಹೇಳ್ಬೇಕು” ಅಂದರು.

ಹೇಳುವುದೆಂದರೆ ನಿಜವಾಗಿ ಬಾಯಿಬಿಟ್ಟು ಹೇಳುವುದು. ಹಸು ಕರು ಹಾಕಿದ ದಿನ ಗಿಣ್ಣುಹಾಲಲ್ಲಿ ಒಂದು ಲೋಟ ತಂದು ಕಲ್ಲಿನ ಬುಡಕ್ಕೆ ಹುಯ್ಯಬೇಕು. ಹೆಣ್ಣುಗರುವೋ ಹೋರಿಗರುವೋ, ಹಣೆಯಲ್ಲಿ ಚುಕ್ಕೆ ಇದೆಯೋ ಇಲ್ಲವೋ, ತಾಯಿ ಸುಲಭವಾಗಿ ಈದಳೋ ನರಳಿದಳೋ, ಎಲ್ಲಾ ಅವನಿಗೆ ಒಪ್ಪಿಸಬೇಕು. ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಆಮೇಲೆ ಅದೂ ಬೆಳಗಿನ ಕೆಲಸಗಳಲ್ಲಿ ಒಂದಾಯಿತು. ಎಮ್ಮೆ ಈದರೆ ಹೇಳಬೇಕಾಗಿರಲಿಲ್ಲ. ಯಾಕೆ ಅಂತ ಒಂದು ಸಲ ಕೇಳಿದೆ. “ಕಲ್ಲಾಗೆ ಎಮ್ಮೆ ಐತಾ?” ಅಂದರು ಅತ್ತೆ, ನನಗೆ ಅಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ.

ಸಗಣಿ ಬಾಚಿದ ಮಂಕರಿಯನ್ನು ಆ ಕಲ್ಲಿಗೆ ಒರಗಿಸಿ ಸೊಂಟ ನೇರ ಮಾಡಿಕೊಳ್ಳುತ್ತಿದ್ದೆ. ಅದು ತಪ್ಪು ಅಂತ ಅತ್ತೆ ಯಾವತ್ತೂ ಅನ್ನಲಿಲ್ಲ. ಅವರಿಗೂ ಅದೇ ಅಭ್ಯಾಸ.

ನನ್ನ ಮೈದುನ ಕೃಷ್ಣಗಿರಿ ರಸ್ತೆಯ ಒಂದು ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಳ್ಳೆಯ ಹುಡುಗ, ಹುಡುಗ ಅನ್ನುವ ವಯಸ್ಸು ದಾಟಿದೆ, ನನಗೆ ಬಾಯಿಗೆ ಹಾಗೇ ಬರುತ್ತದೆ. ಕಲ್ಲೆಂದರೆ ಅವನಿಗೆ ಪ್ರಾಣ. ನಮ್ಮ ಅಡುಗೆಮನೆಗೆ ಕಪ್ಪು ಕಲ್ಲು ತಂದು ಹಾಕಿಸಿದವನು ಅವನೇ. ಹಿಟ್ಟು ಚೆಲ್ಲಿದರೂ ಒರೆಸಿದ ಕೂಡಲೇ ಮುಖ ಕಾಣುತ್ತದೆ. “ಬಂಡೆ ಬಂದಾಗ ಹೆಂಗಿರ್ತದೆ ಗೊತ್ತಾ ಅತ್ತಿಗೆ, ಯಾರೂ ತಿರುಗ್ ನೋಡಲ್ಲ. ಪಾಲಿಶ್ ಆಗಿ ಹೊರಗ್ ಬಂದ್ರೆ ಫಾರಿನ್‌ನೋರು ಕೈ ಕಟ್ಕೊಂಡು ನಿಂತ್ಕತಾರೆ” ಅನ್ನುತ್ತಿದ್ದ.

ಒಂದು ಆಗಸ್ಟ್ ಹದಿನೈದರಂದು ಊರ ಶಾಲೆಗೆ ಅತಿಥಿಯಾಗಿ ಬಂದವರೊಬ್ಬರು ಧ್ವಜ ಹಾರಿಸಿ ಚೆನ್ನಾಗಿ ಮಾತಾಡಿದರು. ದೇಶಕ್ಕಾಗಿ ಸತ್ತವರ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ತಿಪ್ಪೆ ಪಕ್ಕ ಬಿದ್ದಿವೆ, ಚರಿತ್ರೆ ಕಾಪಾಡದವರು ದೇಶವನ್ನೇನು ಕಾಪಾಡುತ್ತಾರೆ ಅಂದರು. ತಿಪ್ಪೆ ಅಂದ ತಕ್ಷಣ ಶಾಲೆಯ ಅಂಗಳದಲ್ಲಿದ್ದವರೆಲ್ಲಾ ಒಟ್ಟಿಗೆ ತಿರುಗಿ ನಮ್ಮ ಮನೆಯವರನ್ನು ನೋಡಿದರು. ನಾನು ಮಕ್ಕಳಿಗೆ ಹಂಚುವ ಮಿಠಾಯಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ನೋಡಿಕೊಂಡೆ.

ಸಾಯಂಕಾಲ ಅತ್ತೆಗೆ ಹೇಳಿದರೆ ಅವರಿಗೆ ಸಿಟ್ಟು ಬಂತು. “ತಿಪ್ಪೆ ಪಕ್ಕ ಇದ್ರೇನಂತೆ? ದನ ಕಾಯೋನು ತಿಪ್ಪೆ ಪಕ್ಕ ಇರ್ದೆ ಸೋಫಾ ಮೇಲೆ ಕುಂತ್ಕತಾನಾ?”

ಆದರೆ ಮೈದುನನ ಮನಸ್ಸಿಗೆ ಮಾತು ನಾಟಿಬಿಟ್ಟಿತ್ತು. ವೀರಗಲ್ಲು ಕಾಪಾಡಲು ಸಮಿತಿಯಾಯಿತು. ಫೋನಿನಲ್ಲಿ ಗುಂಪಾಯಿತು, ಅದಕ್ಕೆ ಬಾವುಟದ ಚಿತ್ರ. ಅಷ್ಟು ಒಗ್ಗಟ್ಟನ್ನು ನಮ್ಮೂರಲ್ಲಿ ನಾನು ಎಂದೂ ಕಂಡಿರಲಿಲ್ಲ. ಚರಂಡಿ ಕಟ್ಟಿಕೊಂಡಾಗ ಬಾರದವರು, ಬೋರ್‌ವೆಲ್ ಕೆಟ್ಟಾಗ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತವರು, ಎಲ್ಲಾ ಬಂದರು. ಒಬ್ಬರು ಟ್ರ್ಯಾಕ್ಟರ್ ಕೊಡುತ್ತೇನೆಂದರು, ಒಬ್ಬರು ಸಿಮೆಂಟು, ಇನ್ನೊಬ್ಬರು ಗ್ರಿಲ್ಲು. ಮೂರು ಭಾಷೆಯವರೂ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದರು. ಟೀ ಕಾಸಿದವಳು ನಾನೇ, ಯಾಕೆಂದರೆ ಬೆಂಚು ನಮ್ಮ ಜಗಲಿಯ ಮೇಲಿತ್ತು.

ಕಲ್ಲನ್ನು ಫ್ಯಾಕ್ಟರಿಗೆ ಒಯ್ದು ಪಾಲಿಶ್ ಮಾಡಿಸಿ ಶಾಲೆಯ ಮುಂದೆ ನಿಲ್ಲಿಸುವುದೆಂದು ಅಲ್ಲೇ ತೀರ್ಮಾನವಾಯಿತು.

“ತೊಳೆದು, ಸುತ್ತ ಒಂದು ಕಟ್ಟೆ ಕಟ್ಟಿದ್ರೆ ಸಾಲ್ದಾ?” ಅಂದೆ ನಾನು, ಲೋಟ ಕೊಡುತ್ತಾ.

ಪಂಚಾಯಿತಿಯ ತಲೈವರ್, ಅಂದರೆ ಅಧ್ಯಕ್ಷರು, ನಗುತ್ತಲೇ ಹೇಳಿದರು: “ಏನಮ್ಮಾ, ದೇವಸ್ಥಾನದಲ್ಲಿ ಮೂರ್ತಿ ಸವೆದೋದ್ರೆ ಏನ್ ಮಾಡ್ತಾರೆ? ಹೊಸ್ದಾಗಿ ಮಾಡ್ಸಿ ಪ್ರತಿಷ್ಠೆ ಮಾಡ್ತಾರೆ. ಸವೆದಿದ್ದು ಇಟ್ಕೊಂಡ್ರೆ ಊರಿಗೆ ಒಳ್ಳೇದಲ್ಲ.”

ಎಲ್ಲರೂ ತಲೆಯಾಡಿಸಿದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಮ್ಮ ಕಡೆ ಉಳಿಸುವುದೆಂದರೆ ಹೊಸದು ಮಾಡುವುದು. ಹಳೆಯ ಗುಡಿಗೆ ಟೈಲ್ಸ್ ಹಾಕುತ್ತೇವೆ, ಹಳೆಯ ಬಾಗಿಲಿಗೆ ಪೇಂಟು ಬಳಿಯುತ್ತೇವೆ, ಸತ್ತವರ ಫೋಟೋ ಮಾಸಿದರೆ ಸ್ಟುಡಿಯೋದವನಿಗೆ ಕೊಟ್ಟು ಕೋಟು ತೊಡಿಸುತ್ತೇವೆ. ಹೊಳೆಯದಿದ್ದರೆ ನಮಗೆ ಅದು ಅನಾಥವಾಗಿ ಕಾಣುತ್ತದೆ.

ಅತ್ತೆ ಗೋಡೆಗೊರಗಿ ಎಲ್ಲಾ ಕೇಳಿಸಿಕೊಂಡಿದ್ದವರು ಮಗನನ್ನು ಹತ್ತಿರ ಕರೆದರು.

“ತಿರ್ಗಾ ಇಲ್ಲಿಗೇ ತಂದಿಕ್ತೀಯೇನ್ಲಾ?”

“ಇಲ್ಲಿಗಲ್ಲ ಕಣಮ್ಮ, ಇಸ್ಕೂಲ್ ಮುಂದ್ಕೆ. ಎಲ್ರೂ ನೋಡ್ಬೇಕು.”

“ನನ್ ಮಂಡಿ ಹಿಂಗೈತೆ. ಹಸ ಈದ್ರೆ ಅಲ್ಲೀಗಂಟ ಹೆಂಗ್ ಬರ್ಲಿ?”

“ನಾನ್ ಗಾಡೀಲಿ ಕರ್ಕೊಂಡೋಗ್ತೀನಿ.”

“ಅವ್ನು ಹಂಗೇ ಇರ್ತಾನಾ?”

“ಈಗಿಂತ ಚೆನ್ನಾಗಿರ್ತಾನೆ. ನನ್ ಮೇಲೆ ನಂಬ್ಕೆ ಇಲ್ವಾ ನಿನ್ಗೆ?”

ಮಗನ ಮೇಲೆ ನಂಬಿಕೆ ಇಲ್ಲ ಅಂತ ಯಾವ ತಾಯಿ ಹೇಳುತ್ತಾಳೆ. ಅತ್ತೆ ಎದ್ದು ಕೊಟ್ಟಿಗೆಯ ಕಡೆ ಹೋದರು. ಹೊಸೂರಿನ ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬಂದ ನಮ್ಮ ಮನೆಯವರಿಗೆ ಹೇಳಿದೆ. ಅವರು ಟಿಫನ್ ಡಬ್ಬಿ ಕೈಗೆ ಕೊಡುತ್ತಾ, “ಊರೋರೆಲ್ಲಾ ಒಪ್ಪವ್ರೆ. ನಾವೊಬ್ರೇ ಬ್ಯಾಡ ಅಂದ್ರೆ ದೇಶಕ್ಕೇ ವಿರೋಧ ಅಂದ್ಕತಾರೆ, ಬಿಡು” ಅಂದರು.

ಕಲ್ಲನ್ನು ಕಿತ್ತ ದಿನ ನೆಲದಿಂದ ಅದು ನಾವಂದುಕೊಂಡದ್ದಕ್ಕಿಂತ ಉದ್ದವಾಗಿ ಹೊರಬಂತು. ಮಣ್ಣಿನೊಳಗಿದ್ದ ಭಾಗ ತಿಳಿಬಣ್ಣಕ್ಕೆ ತಣ್ಣಗಿತ್ತು. ಟ್ರ್ಯಾಕ್ಟರ್ ಹೋದ ಮೇಲೆ ಆ ಗುಂಡಿಗೆ ಕೋಳಿಗಳು ಇಳಿದು ಕೆದಕತೊಡಗಿದವು.

ಜನವರಿ ಇಪ್ಪತ್ತಾರಕ್ಕೆ ಕಲ್ಲು ವಾಪಸ್ಸು ಬಂತು. ಶಾಲೆಯ ಮುಂದೆ ಕಟ್ಟೆ, ಮೇಲೆ ಶೀಟು, ಸುತ್ತ ಗ್ರಿಲ್ಲು. ಸ್ಯಾಟಿನ್ ಬಟ್ಟೆ ಮುಚ್ಚಿದ್ದರು. ಅತ್ತೆಯನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ತಲೈವರ್ ದಾರ ಎಳೆದರು, ಬಟ್ಟೆ ಜಾರಿತು, ಜನ ಚಪ್ಪಾಳೆ ಹೊಡೆದರು. ನನಗೆ ಮೊದಲು ಕಂಡದ್ದು ನಮ್ಮದೇ ಮುಖಗಳು. ಕಲ್ಲು ಕನ್ನಡಿಯ ಹಾಗಿತ್ತು. ಹಿಂದೆ ಬೂದುಬಣ್ಣವಿದ್ದದ್ದು ಕಪ್ಪಗಾಗಿ ಹೊಳೆಯುತ್ತಿತ್ತು. ಅದರ ಮೇಲೆ ಮೆಷೀನಿನಲ್ಲಿ ಹೊಸದಾಗಿ ಕೊರೆಸಿದ ಒಬ್ಬ ಮೀಸೆಯ ವೀರ. ಕುದುರೆಯ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಬಾವುಟ. ಕೆಳಗೆ ಸಹಾಯ ಮಾಡಿದವರ ಹೆಸರುಗಳು, ಯಾರಿಗೂ ನೋವಾಗದಂತೆ ಮೂರೂ ಭಾಷೆಯಲ್ಲಿ. ನಮ್ಮ ಮನೆಯವರ ಹೆಸರೂ ಇತ್ತು.

ಅತ್ತೆ ಮಗನ ತೋಳು ಹಿಡಿದು ಹತ್ತಿರ ಹೋಗಿ ನಿಂತರು. “ಇವ್ನ್ಯಾರ್ಲಾ?”

“ನಮ್ಮ ವೀರ ಕಣಮ್ಮ.”

“ಇವ್ನಿಗೆ ಕುದ್ರೆ ಯಾವಾಗ್ ಬಂತು?”

ಹಿಂದಿದ್ದವರು ಪ್ರೀತಿಯಿಂದಲೇ ನಕ್ಕರು. ಅಜ್ಜಿ ಪಾಪ ಅಂದರು ಯಾರೋ. ಅತ್ತೆ ನಗಲಿಲ್ಲ. “ಹಸಗೋಳು ಎಲ್ಲೋದ್ವು?” ಅಂದರು.

ಮೈದುನ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ, “ಜಾಗ ಸಾಲ್ಲಿಲ್ಲ ಕಣಮ್ಮ. ಹೆಸ್ರುಗಳು ಜಾಸ್ತಿ ಇದ್ವು” ಅಂದ.

ಮಾರನೇ ದಿನ ಅವನು ತಿಂಡಿಗೆ ಕೂತಾಗ ನಾನು ಕೇಳಿದೆ. ಆ ಅಕ್ಷರಗಳೇನಾದವು, ಆ ಹಳೆಯ ಕೆತ್ತನೆ ಏನಾಯಿತು ಅಂತ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಟ್ಟ ಮಾಡದೆ ಪಾಲಿಶ್ ಹೇಗೆ ಕೂರುತ್ತದೆ ಅತ್ತಿಗೆ ಅಂದ. ಚಕ್ರ ತಿರುಗುತ್ತದಂತೆ, ನೀರು ಬೀಳುತ್ತಲೇ ಇರುತ್ತದಂತೆ, ಮೇಲಿದ್ದದ್ದೆಲ್ಲಾ ಬಿಳೀ ಕೆಸರಾಗಿ ಹರಿದು ಫ್ಯಾಕ್ಟರಿಯ ಹಿಂದಿನ ಗುಂಡಿಗೆ ಹೋಗುತ್ತದಂತೆ. ತುಂಬಾ ಗಟ್ಟಿ ಕಲ್ಲು, ಇಂಥ ಕಲ್ಲು ಈಗ ಸಿಗುವುದಿಲ್ಲ ಅಂದ. ಒಂದು ದೋಸೆ ಜಾಸ್ತಿಯೇ ತಿಂದ.

ಸ್ವಲ್ಪ ದಿನಕ್ಕೆ ನಮ್ಮ ಹಸು ಈಯಿತು. ಹೆಣ್ಣುಗರು, ಬಾಲದ ತುದಿ ಬೆಳ್ಳಗೆ. ಅತ್ತೆ ಬೆಳಿಗ್ಗೆಯೇ ಸೀರೆ ಬದಲಿಸಿ ಲೋಟದ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾಡಿಯ ಹಿಂದೆ ಕೂತು ಹೊರಟರು. ಮೈದುನ ಮಾತಿಗೆ ತಪ್ಪಲಿಲ್ಲ, ಕರೆದುಕೊಂಡು ಹೋದ. ಗ್ರಿಲ್ಲಿಗೆ ಬೀಗ, ಬೀಗದ ಕೈ ತಲೈವರ್ ಹತ್ತಿರ. ಅವರಿಗೆ ಫೋನು ಮಾಡಿದರೆ, ಹಾಲು ಹಾಕಿದರೆ ಕಲೆ ಕೂರುತ್ತದೆ, ಇರುವೆ ಬರುತ್ತದೆ, ಈಗ ಅದು ಸರ್ಕಾರದವರು ಬಂದು ನೋಡುವ ವಸ್ತು ಅಂದರು. ಅತ್ತೆ ಗ್ರಿಲ್ಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದರಂತೆ. ಬಾಯಿ ತೆರೆಯಲಿಲ್ಲವಂತೆ. ಕುದುರೆಯವನಿಗೆ ಕರುವಿನ ಸಮಾಚಾರ ಏನಂತ ಹೇಳುವುದು. ವಾಪಸ್ಸು ಬಂದು ಲೋಟ ನನ್ನ ಕೈಗೆ ಕೊಟ್ಟು, “ಗಿಣ್ಣಿಗೇ ಹಾಕ್ಬುಡು” ಅಂದರು. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದೆ. ಎಲ್ಲರೂ ತಿಂದರು, ಅವರೊಬ್ಬರು ಮುಟ್ಟಲಿಲ್ಲ.

ಪೇಪರಿನಲ್ಲಿ ನಮ್ಮೂರಿನ ಸುದ್ದಿ ಬಂದಿತ್ತು. ಅದನ್ನು ಓದಿಕೊಂಡು ಯಾವುದೋ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಇಂಥ ಕಲ್ಲುಗಳ ಮೇಲಿನ ಬರಹ ಓದುವುದು ಅವಳ ಓದು. ಉದ್ದನಪಲ್ಲಿಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಚೀಲದಲ್ಲಿ ಅಕ್ಷರದ ಅಚ್ಚು ತೆಗೆಯುವ ಕಾಗದ, ಬ್ರಷ್ಷು, ಮಸಿ. ಶಾಲೆಯ ಮುಂದೆ ಕಲ್ಲು ನೋಡಿದ ಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದು, “ಇದು ಆ ಕಲ್ಲಲ್ಲ ಅಲ್ವಾ ಆಂಟಿ? ಹಳೇದು ಎಲ್ಲಿಟ್ಟಿದ್ದೀರಾ?” ಅಂತ ಕೇಳಿದಳು. ಇದೇ ಅದು ಅಂತ ಹೇಳಬೇಕಾಯಿತು. ಅವಳು ಜಗಲಿಯ ಮೇಲೆ ಕೂತು ನೀರು ಕುಡಿದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಹಳೆಯ ಫೋಟೋ ಏನಾದರೂ ಇದೆಯಾ ಅಂದಳು.

ಅವತ್ತು ನಾನೂ ಅವಳೂ ಊರಿನ ಫೋನುಗಳನ್ನೆಲ್ಲಾ ತಿರುವಿಹಾಕಿದೆವು. ಫೋಟೋಗಳಿಗೇನೂ ಬರವಿರಲಿಲ್ಲ. ಕಲ್ಲಿನ ಮುಂದೆ ಮದುಮಗ, ಕಲ್ಲಿನ ಮುಂದೆ ಹೊಸ ಬೈಕು, ಕಲ್ಲಿನ ಮುಂದೆ ಬಾವುಟ ಹಿಡಿದ ಮಕ್ಕಳು, ಕೀಳುವ ದಿನ ಕಲ್ಲಿನ ಮುಂದೆ ಸಮಿತಿಯವರೆಲ್ಲಾ. ಪ್ರತಿಯೊಂದರಲ್ಲೂ ಯಾರೋ ಒಬ್ಬರು ಅಡ್ಡ ನಿಂತಿದ್ದರು. ನನ್ನ ವಾರಗಿತ್ತಿಯ ಸೀಮಂತದ ಒಂದು ಫೋಟೋದಲ್ಲಿ ಅವಳ ಹೆಗಲ ಹಿಂದೆ ಕಲ್ಲಿನ ಒಂದು ಮೂಲೆ ಕಾಣುತ್ತಿತ್ತು. ಹುಡುಗಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

“ಸ್ವಸ್ತಿ ಶ್ರೀ ಅಂತಿದೆ. ಕನ್ನಡದ್ದೇ ಆಂಟಿ, ಹಳೇ ಲಿಪಿ” ಅಂದಳು.

“ಮುಂದಕ್ಕೆ?”

“ಮುಂದಕ್ಕೆ ಈ ಫೋಟೋದ ಆಂಟಿಯ ಬಳೆ ಅಡ್ಡ ಇದೆ.” ಅವಳಿಗೆ ನಗು ಬಂತು, ನನಗೂ ಬಂತು, ಆಮೇಲೆ ಇಬ್ಬರಿಗೂ ಸಾಕಾಯಿತು. ಎಲ್ಲಾ ಕಲ್ಲುಗಳೂ ಹಾಗೇ ಶುರುವಾಗುತ್ತವೆ, ಆಮೇಲಿನ ಸಾಲುಗಳಲ್ಲಿ ಅವನ ಹೆಸರು, ಊರಿನ ಹೆಸರು ಇರುತ್ತಿತ್ತು ಅಂದಳು. ಊಟ ಮಾಡಿಕೊಂಡು ಹೋಗು ಅಂದರೂ ನಿಲ್ಲಲಿಲ್ಲ.

ನಮ್ಮೂರಿನವರಿಗೆ ದೇಶದ ಮೇಲೆ ಅಭಿಮಾನವಿಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ತಿಪ್ಪೆ ಪಕ್ಕ ಯಾರೂ ಅಭಿಮಾನಪಡದೆ ಬಿಟ್ಟಿದ್ದಷ್ಟು ಕಾಲ ಆ ಕಲ್ಲಿಗೆ ಏನೂ ಆಗಿರಲಿಲ್ಲ. ಮಳೆ ಬಿದ್ದಿತ್ತು, ದನ ಮೈಯುಜ್ಜಿದ್ದವು, ನನ್ನ ಮಂಕರಿ ಒರಗಿತ್ತು. ಅಭಿಮಾನ ಬಂತು, ಆರು ತಿಂಗಳೊಳಗೆ ಕಲ್ಲಿನ ಕಥೆ ಮುಗಿಯಿತು. ಈ ಮಾತನ್ನು ಮನೆಯಲ್ಲಿ ಒಂದು ಸಲ ಅಂದೆ. ಮೈದುನ ತಟ್ಟೆ ಬಿಟ್ಟು ಎದ್ದು ಹೋದ. ಪ್ರತಿ ವಾರ ತಪ್ಪದೆ ಹೋಗಿ ಆ ಕಲ್ಲನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವವನು ಅವನೊಬ್ಬನೇ. ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಮಾಡಿಕೊಳ್ಳದೆ ಇರಲೂ ಆಗುವುದಿಲ್ಲ.

ಉದ್ಘಾಟನೆಯ ವಿಡಿಯೋ ಸುತ್ತಮುತ್ತಲ ಹಳ್ಳಿಗಳಿಗೆಲ್ಲಾ ಹೋಯಿತು. ಯಾರ‍್ಯಾರೋ ಮೈದುನನಿಗೆ ಫೋನು ಮಾಡಿ, ನಮ್ಮೂರಲ್ಲೂ ಒಂದಿದೆ, ಯಾರ ಹತ್ತಿರ ಮಾಡಿಸಿದಿರಿ ಅಂತ ಕೇಳತೊಡಗಿದರು. ಹಾಗೆ ಕೇಳಿದವರಲ್ಲಿ ಬೇರಿಕೆ ಕಡೆಯ ಒಂದು ಹಳ್ಳಿಯವರೂ ಇದ್ದರು. ಅದು ಅತ್ತೆಯ ತವರು. ಅಲ್ಲಿ ಕೆರೆ ಏರಿಯ ಹೊಂಗೆಮರದ ಕೆಳಗೆ ಎರಡು ಕಲ್ಲುಗಳು ಜೋಡಿಯಾಗಿ ನಿಂತಿದ್ದವು. ಒಂದರಲ್ಲಿ ಹುಲಿಯ ಬಾಯಿಗೆ ಕತ್ತಿ ಹಾಕಿದವನು, ಇನ್ನೊಂದರಲ್ಲಿ ಅವನ ಹೆಂಡತಿ, ಕೈ ಎತ್ತಿಕೊಂಡು. ಅತ್ತೆ ಚಿಕ್ಕಂದಿನಲ್ಲಿ ಕೆರೆಗೆ ನೀರಿಗೆ ಹೋದಾಗ ಕೊಡವನ್ನು ಆ ಎರಡರ ನಡುವೆ ಇಟ್ಟು ದಣಿವಾರಿಸಿಕೊಳ್ಳುತ್ತಿದ್ದರಂತೆ. ಅತ್ತೆಯ ಅಣ್ಣನ ಮಗನೇ ಅಲ್ಲಿನ ಸಮಿತಿಯ ಮುಂದಾಳು.

ವಿಷಯ ಕೇಳಿ ಅತ್ತೆ ಎದ್ದು ಕೂತರು. “ನೀನಾದ್ರೂ ಹೋಗಿ ಹೇಳ್ಬುಟ್ಟು ಬಾ ಕಣಮ್ಮಿ. ನಾನ್ ಹೇಳಿದ್ರೆ ಮುದ್ಕಿ ಮಾತು ಅಂತಾರೆ. ತೊಳ್ಕಳ್ಲಿ, ಕಟ್ಟೆ ಕಟ್ಕಳ್ಲಿ, ಆ ಮಿಷಿನ್ನಿಗೆ ಕೊಡ್ಬೇಡ್ರಪ್ಪಾ ಅನ್ನು.”

ಹಾಲು ಡೈರಿಗೆ ಹಾಕಿ, ಅಡುಗೆ ಮುಚ್ಚಿಟ್ಟು ಹೊರಟೆ. ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಕೆರೆ ಏರಿಯ ಮೇಲೆ ಲಾರಿಯೂ ಕ್ರೇನೂ ನಿಂತಿದ್ದವು. ಊರಿಗೆ ಊರೇ ಸೇರಿತ್ತು. ಕಲ್ಲುಗಳಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಮಾರುದ್ದದ ಚೆಂಡುಹೂವಿನ ಹಾರ ಹಾಕಿದ್ದರು. ಅತ್ತೆಯ ಅಣ್ಣನ ಮಗ ಓಡಿ ಬಂದು, “ಬನ್ನಿ ಅಕ್ಕ, ಸರಿಯಾದ್ ಟೈಮಿಗೇ ಬಂದ್ರಿ” ಅಂದ. ಅವನ ಹೆಂಡತಿ ಕಾಫಿ ತಂದಳು.

ಕಾಫಿ ಕೈಯಲ್ಲಿ ಹಿಡಿದೇ ಹೇಳಿದೆ. ನಮ್ಮೂರಲ್ಲಿ ಏನಾಯಿತು, ಹಸುಗಳೆಲ್ಲಿ ಹೋದವು, ಓದಲು ಬಂದ ಹುಡುಗಿ ಹೇಗೆ ವಾಪಸ್ಸು ಹೋದಳು, ಎಲ್ಲಾ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ಅತ್ತೆಯ ಅಣ್ಣನ ಮಗ ಕೆನ್ನೆ ಕೆರೆದುಕೊಂಡ.

“ನಿಮ್ದು ವಿಡಿಯೋದಲ್ಲಿ ಬೋ ಚೆನ್ನಾಗ್ ಬಂದೈತಲ್ಲಕ್ಕ.”

“ಚೆನ್ನಾಗೇ ಇದೆ ಕಣಪ್ಪ. ಆದ್ರೆ ಅದು ಅವನಲ್ಲ.”

“ನಮ್ದು ಹುಲಿ ಇರ್ತದೆ, ಬುಡಕ್ಕ. ಹುಲೀನೇ ದೊಡ್ದಾಗಿ ಹಾಕ್ಸಾಣ ಅಂದಿದೀವಿ. ಹೊಸಾ ಹುಲಿ.”

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಂಡು, “ತಾವ್ ಮಾಡ್ಸ್ಕಂಡು ಪೇಪರಾಗ್ ಬಂದ್ಬುಟ್ರು. ಈಗ ನಮ್ಗೆ ಬ್ಯಾಡ ಅಂತ ಹೇಳೋಕ್ ಬಂದವ್ರೆ” ಅಂದಳು, ನನಗೆ ಕೇಳಿಸಲಿ ಅಂತಲೇ. ಇನ್ನೊಬ್ಬರು, ವಯಸ್ಸಾದವರು, ತೆಲುಗಿನಲ್ಲಿ ಅವಳನ್ನು ಸುಮ್ಮನಿರಿಸಿ ನನಗೆ ಸಮಾಧಾನ ಹೇಳಿದರು: “ಒಳ್ಳೇ ಕೆಲ್ಸ ಅಮ್ಮ, ದೇಶದ ಕೆಲ್ಸ. ಹೊರಟಾಗ ಬೇಡ ಅನ್ಬಾರ್ದು.”

ಅತ್ತೆಯ ಅಣ್ಣನ ಮಗನಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಅತ್ತೇನ ಉದ್ಘಾಟನೆಗೆ ಕರ್ಕೊಂಡ್ ಬನ್ನಿ. ಮನೆಮಗಳು ಅಂತ ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸ್ತೀವಿ” ಅಂದ.

ಫೋಟೋವಾದರೂ ತೆಗೆದುಕೊಳ್ಳೋಣ ಅಂತ ಫೋನು ತೆಗೆದೆ. ಹಾರ ಸ್ವಲ್ಪ ತೆಗೆಯಿರಿ ಅಂದರೆ, ಪೂಜೆಯಾದ ಹಾರ ತೆಗೆಯುವಂತಿಲ್ಲ ಅಂದರು. ತೆಗೆದೆ. ಅರಿಶಿನ, ಕುಂಕುಮ, ಹೂವು ಚೆನ್ನಾಗಿ ಬಂದಿದೆ. ಕ್ರೇನು ಕಲ್ಲುಗಳನ್ನು ಒಂದೊಂದಾಗಿ ಎತ್ತಿತು. ಜನ ಜೈಕಾರ ಹಾಕಿದರು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಮುಂದಿಟ್ಟುಕೊಂಡು ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ, “ಏನಂದ್ರು?” ಅಂದರು.

“ನಾನು ಹೋಗೋಷ್ಟರಲ್ಲಿ ಲಾರಿ ಬಂದ್ಬಿಟ್ಟಿತ್ತು ಅತ್ತೆ. ನಿಮ್ಮನ್ನ ಉದ್ಘಾಟನೆಗೆ ಕರೆದಿದಾರೆ. ಶಾಲು ಹೊದಿಸ್ತಾರಂತೆ.”

ಅತ್ತೆ ಎರಡು ಕಾಯಿ ಸುಲಿದರು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡರು.

“ಲಾರೀಲಿ ಹೆಂಗ್ ಮಲಗಿಸಿದ್ರು? ಮಕಾಡೆಯಾ?”

“ಇಲ್ಲ ಅತ್ತೆ, ಅಂಗಾತ. ಕೆಳಗೆ ದಪ್ಪಕ್ಕೆ ಹುಲ್ಲು ಹಾಸಿದ್ರು. ಮೇಲೊಂದು ಹೊಸ ಜಮಖಾನ ಹೊದಿಸಿದ್ರು, ಧೂಳು ಬೀಳ್ದೆ ಇರ್ಲಿ ಅಂತ.”

“ಜ್ವಾಪಾನ್ವಾಗೇ ತಕ್ಕೊಂಡೋಗವ್ರೆ, ಬುಡು” ಅಂದರು ಅತ್ತೆ.